ಅಕ್ಕನ ಕಿವಿಮಾತು: ಬಳೆ ಗಿರವಿ ಇಡುವ ಮುನ್ನ



ಈ ಸಲದ ಅಂಚೆಯಲ್ಲಿ ಬಂದ ಒಂದು ಕಾಗದ ಎರಡು ದಿನ ನನ್ನ ಮನಸ್ಸಿನಲ್ಲೇ ಕೂತಿತ್ತು. ತಿಪಟೂರಿನ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: "ಮಗಳು ಪಿ.ಯು.ಸಿ. ಮುಗಿಸಿದ್ದಾಳೆ. ಡಿಜಿಟಲ್ ಮೀಡಿಯಾ ಆರ್ಟ್ ಓದ್ತೀನಿ ಅಂತ ಹಠ ಹಿಡಿದಿದ್ದಾಳೆ. ನಮ್ಮ ಯಜಮಾನರು, 'ಕಂಪ್ಯೂಟರಿನಲ್ಲಿ ಚಿತ್ರ ಬರೆಯೋದೂ ಒಂದು ಓದೇ?' ಅಂತಾರೆ. ಅತ್ತೆಯವರು ಗಂಡು ನೋಡೋಣ ಅಂತಿದ್ದಾರೆ. ನನ್ನ ನಾಲ್ಕು ಬಳೆ ಗಿರವಿ ಇಟ್ಟಾದರೂ ಸೇರಿಸಬೇಕು ಅಂದ್ಕೊಂಡಿದ್ದೀನಿ. ತಪ್ಪೇ ಅಕ್ಕಾ?"

ತಪ್ಪಲ್ಲ ತಂಗಿ. ಆದರೆ ಒಡವೆ ಪೆಟ್ಟಿಗೆಗೆ ಕೈ ಹಾಕುವ ಮೊದಲು ನಾಲ್ಕು ಮಾತು ಕೇಳಿ.

ಈ ಓದು ಅಂದರೇನು? ದಿನಾ ಬೆಳಿಗ್ಗೆ ನೀವು ಚುಕ್ಕಿ ಇಟ್ಟು ರಂಗೋಲಿ ಹಾಕ್ತೀರಲ್ಲ, ಕಂಪ್ಯೂಟರಿನ ಚಿತ್ರವೂ ಚುಕ್ಕಿಯದೇ. ಸಾಲಿಗೆ 1,920 ಚುಕ್ಕಿಯಂತೆ 1,080 ಸಾಲು ಇಟ್ಟರೆ 20 ಲಕ್ಷಕ್ಕೂ ಮೀರಿದ ಚುಕ್ಕಿಗಳು! ಸಿನಿಮಾದ ಗೊಂಬೆ ನಡೆಯಬೇಕಾದರೆ ಸೆಕೆಂಡಿಗೆ 24 ಚಿತ್ರ, ನಿಮಿಷಕ್ಕೆ 1,440 ಚಿತ್ರ ಓಡಬೇಕು. ಓಡುವ ಚಿತ್ರ, ವಿಡಿಯೋ, ಧ್ವನಿ, ಆಟ, ಮೊಬೈಲಿನ ಪರದೆಯ ವಿನ್ಯಾಸ ಎಲ್ಲವೂ ಈ ಓದಿನೊಳಗೆ ಬರುತ್ತವೆ. ನಮ್ಮ ತೊಗಲುಗೊಂಬೆಯವರು ದೀಪ, ಪರದೆ, ಹಾಡು, ಕತೆ ಸೇರಿಸಿ ಮಾಡುವ ಕೆಲಸದ ಹೊಸ ರೂಪ ಅನ್ನಿ. ಇದಕ್ಕೆ ಕೆಲಸವೂ ಉಂಟು. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲೇ ಒಂದು ನೀತಿ ತಂದಿತು. ಯಜಮಾನರಿಗೆ ಇದನ್ನು ತಿಳಿಸಿ.

ಆದರೆ ಮೋಸ ಹೋಗುವುದೂ ಇಲ್ಲೇ. ಕೆಲವು ಕಡೆ ಕಲಿಸುವುದು ಬರೀ ಗುಂಡಿ ಒತ್ತುವುದನ್ನು. ಒಂದು ಕಾಲಕ್ಕೆ 'ಫ್ಲ್ಯಾಶ್' ಎಂಬ ಸಾಫ್ಟ್‌ವೇರ್ ಕಲಿಯಲು ಹುಡುಗರು ಮುಗಿಬೀಳುತ್ತಿದ್ದರು. 2020ರ ಕೊನೆಗೆ ಅಂತರ್ಜಾಲದಲ್ಲಿ ಅದರ ಬಳಕೆಯೇ ನಿಂತಿತು. ಈಗಂತೂ ಒಂದು ಸಾಲು ಬರೆದರೆ ಯಂತ್ರವೇ ಚಿತ್ರ ಬರೆದುಕೊಡುತ್ತದೆ. ಗುಂಡಿ ಒತ್ತುವುದಷ್ಟೇ ಗೊತ್ತಿದ್ದವರಿಗೆ ಇದರಿಂದ ಕಷ್ಟ. ಏನು ಬರೆಯಬೇಕು, ಯಾಕೆ ಬರೆಯಬೇಕು, ಎಲ್ಲಿ ನಿಲ್ಲಿಸಬೇಕು ಅಂತ ತಿಳಿದವರು ಹೊಸ ಸಲಕರಣೆಯನ್ನೂ ಕಲಿತುಕೊಳ್ಳುತ್ತಾರೆ. ಮಿಕ್ಸಿ ಬಂತೆಂದು ಕೈರುಚಿ ಬೇಡವಾಯಿತೇ? ಹಾಗೆಯೇ ಇದು.

ಆದ್ದರಿಂದ ಸೇರಿಸುವ ಮೊದಲು ಕಾಲೇಜಿಗೆ ಹೋಗಿ ಸಂಕೋಚವಿಲ್ಲದೆ ಕೇಳಿ:

1. ಕೊಡುವುದು ಪದವಿಯೋ, ಬರೀ ಸರ್ಟಿಫಿಕೇಟೋ? ವಿಶ್ವವಿದ್ಯಾಲಯದ ಹೆಸರು ಯು.ಜಿ.ಸಿ. ಪಟ್ಟಿಯಲ್ಲಿ ಇದೆಯೇ?

2. ಮೊದಲ ವರ್ಷ ಕೈಯಲ್ಲಿ ಚಿತ್ರ ಬರೆಸುತ್ತಾರೆಯೇ? ಕತೆ ಕಟ್ಟುವುದು, ಕಲೆಯ ಇತಿಹಾಸ ಹೇಳಿಕೊಡುತ್ತಾರೆಯೇ?

3. ಹಿಂದಿನ ವರ್ಷದ ಮಕ್ಕಳ ಕೆಲಸ ತೋರಿಸುತ್ತಾರೆಯೇ?

4. ಶುಲ್ಕವಲ್ಲದೆ ಹಾಸ್ಟೆಲ್, ಲ್ಯಾಪ್‌ಟಾಪ್ ಎಲ್ಲಾ ಸೇರಿ ನಾಲ್ಕು ವರ್ಷಕ್ಕೆ ಎಷ್ಟಾಗುತ್ತದೆ?

ಒಳ್ಳೆಯ ದಾರಿಗಳೂ ಇವೆ. ಅಹಮದಾಬಾದಿನಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಮುಂಬಯಿಯ ಐ.ಐ.ಟಿ. ನಡೆಸುವ 'ಯುಸೀಡ್' ಪರೀಕ್ಷೆಗೆ ಆರ್ಟ್ಸ್, ಕಾಮರ್ಸ್ ಓದಿದವರೂ ಕೂರಬಹುದು. ಅದರಲ್ಲಿ ಪೆನ್ಸಿಲ್ ಹಿಡಿದು ಬರೆಯುವ ಭಾಗವೂ ಇದೆ. ಅರ್ಜಿ ಅಕ್ಟೋಬರ್ ಸುಮಾರಿಗೆ, ಪರೀಕ್ಷೆ ಜನವರಿಯಲ್ಲಿ. ಹಿಂದಿನ ವರ್ಷ ಪಾಸಾದವರಿಗೂ ಅವಕಾಶವಿದೆ. ಹಾಗಾಗಿ ಈಗಲೇ ಅವಸರಪಟ್ಟು ಎಲ್ಲೋ ಒಂದು ಕಡೆ ದುಡ್ಡು ಸುರಿಯಬೇಡಿ.

ಆ ತನಕ ಹುಡುಗಿ ಸುಮ್ಮನೆ ಕೂರುವುದು ಬೇಡ. 'ಬ್ಲೆಂಡರ್' ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ 'ಫ್ಲೋ' ಚಿತ್ರ ತಯಾರಾದದ್ದು ಅದರಲ್ಲೇ. ದಿನಕ್ಕೊಂದು ಚಿತ್ರ ಬರೆಯಲಿ. ಅಜ್ಜಿ ಹೇಳಿದ ಕತೆಯೊಂದನ್ನು ಒಂದು ನಿಮಿಷದ ಚಿತ್ರ ಮಾಡಿ ಅಜ್ಜಿಗೇ ತೋರಿಸಲಿ. ಆರು ತಿಂಗಳಾದ ಮೇಲೂ ಉತ್ಸಾಹ ಇಳಿಯದಿದ್ದರೆ ಅದು ಬರೀ ಹಠವಲ್ಲ, ಆಸಕ್ತಿ ಅಂತ ತಿಳಿಯಿರಿ. ನಾವು ನೂರು ಸಲ ಹೇಳಿದ್ದಕ್ಕಿಂತ ಆ ಒಂದು ನಿಮಿಷವೇ ಅತ್ತೆಯವರ ಮನಸ್ಸು ತಿರುಗಿಸಿದರೂ ತಿರುಗಿಸೀತು!

ಇನ್ನು ಬಳೆಯ ಮಾತು. ಮಾನ್ಯತೆ ಇರುವ ಕಾಲೇಜಾದರೆ ಮೊದಲು ಬ್ಯಾಂಕಿಗೆ ಹೋಗಿ. 4 ಲಕ್ಷ ರೂಪಾಯಿವರೆಗಿನ ವಿದ್ಯಾಸಾಲಕ್ಕೆ ಅಡಮಾನ ಬೇಕಿಲ್ಲ. ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಬೇಕು ಅಷ್ಟೆ. ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟುವಂತಿಲ್ಲ, ಆದರೆ ಬಡ್ಡಿ ಬೆಳೆಯುತ್ತಿರುತ್ತದೆ ಅನ್ನುವುದು ನೆನಪಿರಲಿ. ಖಾಸಗಿ ಕಾಲೇಜಿನ ಖರ್ಚಿಗೆ ಇಷ್ಟು ಸಾಲದೆ ಹೋಗಬಹುದು. ಆಗ ಬಳೆಯ ಯೋಚನೆ ಮಾಡೋಣ.

ಮದುವೆ ಎರಡು ವರ್ಷ ತಡವಾದರೆ ಏನೂ ಕೆಡುವುದಿಲ್ಲ ತಂಗಿ. ಕೈಗೆ ಬಂದ ವಿದ್ಯೆ ತಪ್ಪಿದರೆ ಮಾತ್ರ ಅದು ಹುಡುಗಿಯ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕಾಗದ ಓದಿ. ಮುಂದೇನಾಯಿತೆಂದು ತಪ್ಪದೆ ಬರೆಯಿರಿ. ಕಾಯುತ್ತಿರುತ್ತೇನೆ.

ನಿಮ್ಮ ಅಕ್ಕ