ಗಣಕ ಪರಿಚಯ: ಒಂದೇ ಕಡತದಲ್ಲಿ ನೀಳಪುಟ, ಅಡ್ಡಪುಟ

ಮನೆತನದ ಚರಿತ್ರೆಯನ್ನೋ ಮಕ್ಕಳ ಸಂಶೋಧನ ಪ್ರಬಂಧವನ್ನೋ ಗಣಕಯಂತ್ರದಲ್ಲಿ ಅಣಿಗೊಳಿಸುವವರಿಗೆ ಒಂದು ತೊಡಕು ಎದುರಾಗುವುದುಂಟು. ಬರಹಕ್ಕೆ ನೀಳಪುಟವೇ ಒಪ್ಪುತ್ತದೆ. ಆದರೆ ಐದಾರು ತಲೆಮಾರುಗಳ ವಂಶವೃಕ್ಷವು ಎ4 ಹಾಳೆಯ 210 ಮಿ.ಮೀ. ಅಗಲದಲ್ಲಿ ಹಿಡಿಸದು. ಅಕ್ಷರಗಳನ್ನು ಕಿರಿದಾಗಿಸಿದರೆ ಮನೆಯ ಹಿರಿಯರು ತಮ್ಮ ಹೆಸರನ್ನೇ ಓದಲಾರರು. ಹಾಳೆಯನ್ನು ಅಡ್ಡವಾಗಿಸಿದರೆ 297 ಮಿ.ಮೀ. ಅಗಲ ದೊರೆಯುತ್ತದೆ.

ಆದರೆ ನೇರವಾಗಿ ‘ಲ್ಯಾಂಡ್‌ಸ್ಕೇಪ್’ ಆಯ್ದರೆ ಇಡೀ ಕಡತವೇ ಅಡ್ಡವಾಗುತ್ತದೆ. ಏಕೆಂದರೆ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ದಿಕ್ಕೆಂಬುದು ಪುಟದ ಗುಣವಲ್ಲ, ವಿಭಾಗದ ಗುಣ. ವಿಂಗಡಿಸದ ಕಡತವೆಲ್ಲ ಒಂದೇ ವಿಭಾಗ. ಆದುದರಿಂದ ವಂಶವೃಕ್ಷದ ಹಿಂದೆಯೂ ಮುಂದೆಯೂ ‘ಲೇಔಟ್’ ಪಟ್ಟಿಯ ‘ಬ್ರೇಕ್ಸ್’ನಲ್ಲಿರುವ ‘ನೆಕ್ಸ್ಟ್ ಪೇಜ್’ ಎಂಬ ವಿಭಾಗವಿರಾಮವನ್ನಿರಿಸಿ, ನಡುವಣ ಭಾಗದಲ್ಲಿ ಕರ್ಸರನ್ನಿಟ್ಟು ‘ಓರಿಯಂಟೇಶನ್’ ಬದಲಿಸಬೇಕು. ಬರಿಯ ಪುಟವಿರಾಮ ಸಾಲದು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ವಿಭಾಗದ ಲಕ್ಷಣಗಳು ಅದರ ಕೊನೆಯ ವಿರಾಮದಲ್ಲಿ ಅಡಗಿರುತ್ತವೆ. ಅದನ್ನು ಅಳಿಸಿದರೆ ಹಿಂದಿನ ಬರಹವು ಮುಂದಿನ ವಿಭಾಗದ ರೂಪವನ್ನೇ ತಾಳುತ್ತದೆ. ಶಿರೋಲೇಖ, ಪುಟಸಂಖ್ಯೆಗಳನ್ನು ಅಡ್ಡಪುಟದ ಅಗಲಕ್ಕೆ ಹೊಂದಿಸುವ ಮುನ್ನ ಆ ವಿಭಾಗದಲ್ಲೂ ಅದರ ಮುಂದಿನದರಲ್ಲೂ ‘ಲಿಂಕ್ ಟು ಪ್ರೀವಿಯಸ್’ ತೆಗೆದಿರಬೇಕು.

ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ರೈಟರ್‌ನಲ್ಲಿ ಈ ಕಾರ್ಯವನ್ನು ಪುಟಶೈಲಿಗಳು ನಿರ್ವಹಿಸುತ್ತವೆ. ಪುಟವಿರಾಮದೊಡನೆ ‘ಲ್ಯಾಂಡ್‌ಸ್ಕೇಪ್’ ಶೈಲಿಯನ್ನು ಆಯ್ದು, ಮುಗಿದ ಬಳಿಕ ಮತ್ತೊಂದು ವಿರಾಮದಿಂದ ಮೊದಲಿನ ಶೈಲಿಗೆ ಮರಳಬೇಕು.

ಪುಸ್ತಕ ಕಟ್ಟಿಸುವಾಗ ಅಡ್ಡಪುಟದ ತಲೆಭಾಗ ಹೊಲಿಗೆಯ ಕಡೆಗಿರುವುದು ವಾಡಿಕೆ. ಆದುದರಿಂದ ಅದರ ಮೇಲಂಚಿನಲ್ಲಿ ಹೆಚ್ಚು ಸ್ಥಳ ಬಿಡಿರಿ. ಇಲ್ಲವಾದರೆ ವಂಶದ ಮೂಲಪುರುಷನ ಹೆಸರೇ ಹೊಲಿಗೆಯಲ್ಲಿ ಮರೆಯಾದೀತು!