ಶಿಖರಗಳ ಪಟ್ಟಿ, ರಜೆಯ ಲೆಕ್ಕ

ನಾನು ವಾಸಿಸುವ ಜುಮೇರಾ ಲೇಕ್ ಟವರ್ಸ್‌ನಲ್ಲಿ ಏರುವುದಕ್ಕೆ ಒಂದು ದಿಬ್ಬವೂ ಇಲ್ಲ. ಮನುಷ್ಯರೇ ತೋಡಿದ ಕೆರೆಗಳು, ಅವುಗಳ ಸುತ್ತ ಮೂವತ್ತು ನಲವತ್ತು ಮಹಡಿಗಳ ಕಟ್ಟಡಗಳು, ಆಚೆಗೆ ಶೇಖ್ ಝಾಯೆದ್ ರಸ್ತೆ. ಆದರೂ ನವೆಂಬರ್ ತಿಂಗಳು ಬಂದು ಸೆಕೆ ಇಳಿಯುತ್ತಿದ್ದಂತೆ ನಮ್ಮ ಕಟ್ಟಡದ ತುರ್ತು ಮೆಟ್ಟಿಲುಗಳಲ್ಲಿ ಬೆನ್ನಚೀಲ ಹೊತ್ತವರು ಕಾಣಿಸತೊಡಗುತ್ತಾರೆ. ಚೀಲದೊಳಗೆ ಐದು ಲೀಟರಿನ ನೀರಿನ ಕ್ಯಾನ್ ಇರುತ್ತದೆ. ಕೆಳಗಿನಿಂದ ಮೇಲಿನವರೆಗೆ ಮೆಟ್ಟಿಲೇರಿ, ಲಿಫ್ಟಿನಲ್ಲಿ ಇಳಿದು, ಮತ್ತೆ ಏರುತ್ತಾರೆ. ಅವರಲ್ಲಿ ಕನ್ನಡಿಗರೂ ಇದ್ದಾರೆ. ಲಿಫ್ಟಿನಲ್ಲಿ ಇಳಿಯುವುದರಿಂದ ತೊಡೆಯ ಸ್ನಾಯುಗಳಿಗೆ ಇಳಿಜಾರಿನ ಅಭ್ಯಾಸವೇ ಆಗುವುದಿಲ್ಲ, ಮಂಡಿ ಕೈಕೊಡುವುದು ಹೆಚ್ಚಾಗಿ ಇಳಿಯುವಾಗಲೇ ಎಂದು ನಾನು ಹೇಳಿದ್ದುಂಟು. ನಮ್ಮ ಕಟ್ಟಡದ ನೇಪಾಳಿ ಕಾವಲುಗಾರನೂ ಇದನ್ನೇ ಹೇಳಿ ನಗುತ್ತಾನೆ.

ಇವರ ಕೈಯಲ್ಲಿ ಒಂದು ಪಟ್ಟಿಯಿರುತ್ತದೆ. ಎಮಿರೇಟ್ಸ್ ಮತ್ತು ಒಮಾನ್ ದೇಶಗಳ ಉದ್ದಕ್ಕೂ ಹಬ್ಬಿರುವ ಹಜರ್ ಪರ್ವತಶ್ರೇಣಿ ಮತ್ತು ಅದರ ಆಸುಪಾಸಿನ ಎತ್ತರದ ಶಿಖರಗಳನ್ನೆಲ್ಲ ಒಂದೇ ಚಳಿಗಾಲದಲ್ಲಿ ಮುಗಿಸಬೇಕೆಂಬುದು ಅದರ ಉದ್ದೇಶ. ರಾಸ್ ಅಲ್ ಖೈಮಾದ ಜೆಬೆಲ್ ಜೈಸ್, ಜೆಬೆಲ್ ಯಿಬಿರ್, ಅಲ್ ಐನ್‌ನ ಒಂಟಿ ಬೆಟ್ಟ ಜೆಬೆಲ್ ಹಫೀತ್, ಮುಸಂದಮ್‌ನ ಜೆಬೆಲ್ ಹರೀಮ್, ಕೊನೆಗೆ ಸುಮಾರು 3,000 ಮೀಟರ್ ಎತ್ತರದ ಜೆಬೆಲ್ ಶಮ್ಸ್. ಈ ಪಟ್ಟಿಯಲ್ಲೊಂದು ತಮಾಷೆಯಿದೆ. ಎಮಿರೇಟ್ಸ್‌ನ ಅತಿ ಎತ್ತರದ ಶಿಖರವೆಂದು ಎಲ್ಲರೂ ಫೋಟೋ ಹಾಕುವ ಜೆಬೆಲ್ ಜೈಸ್‌ನ ನಿಜವಾದ ನೆತ್ತಿ ಇರುವುದು ಗಡಿಯಾಚೆಯ ಒಮಾನ್‌ನಲ್ಲಿ; ಈ ದೇಶಕ್ಕೆ ಸೇರಿರುವುದು ಅದರ ಇಳಿಜಾರಿನ ಒಂದು ಬಿಂದು. ಜೆಬೆಲ್ ಶಮ್ಸ್‌ನ ಅತಿ ಎತ್ತರದ ತುದಿಯಲ್ಲಿ ಸೇನೆಯ ರೇಡಾರ್ ಇರುವುದರಿಂದ ನಡೆದು ಹೋಗುವವರು ತಲುಪುವುದು 2,997 ಮೀಟರಿನ ದಕ್ಷಿಣದ ತುದಿಯನ್ನು ಮಾತ್ರ. ಹೀಗಿದ್ದರೂ ಪಟ್ಟಿಯಲ್ಲಿ ಗೆರೆ ಬೀಳುತ್ತದೆ. ಬೀಳಲಿ. ಶುಕ್ರವಾರ ಸಂಜೆ ಮಾಲ್ ಸುತ್ತುವುದಕ್ಕಿಂತ ಇದು ನೂರು ಪಾಲು ಮೇಲು. ನನ್ನ ಆತಂಕ ಹತ್ತುವುದರ ಬಗ್ಗೆ ಅಲ್ಲ, ಪಟ್ಟಿಯ ಜೊತೆಗೇ ಅಂಟಿಕೊಂಡು ಬರುವ ಗಡುವಿನ ಬಗ್ಗೆ.

ಈ ಗಡುವಿನ ಮೂಲ ಹಿಮಾಲಯದಲ್ಲಿದೆ. ಎಂಟು ಸಾವಿರ ಮೀಟರಿಗಿಂತ ಎತ್ತರದ ಹದಿನಾಲ್ಕು ಶಿಖರಗಳನ್ನೂ ಮೊದಲಿಗೆ ಏರಿದವರೆಂದು ಹೆಸರಾದ ರೈನ್‌ಹೋಲ್ಡ್ ಮೆಸ್ನರ್ ಅದಕ್ಕೆ 1970ರಿಂದ 1986ರವರೆಗೆ ಹದಿನಾರು ವರ್ಷ ತೆಗೆದುಕೊಂಡರು. ಮರುವರ್ಷ ಪೋಲೆಂಡಿನ ಯೆರ್ಜಿ ಕುಕುಚ್ಕಾ ಎಂಟು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಮುಗಿಸಿದರು. 2019ರಲ್ಲಿ ನೇಪಾಳ ಮೂಲದ ನಿರ್ಮಲ್ ಪುರ್ಜಾ ಅದನ್ನು ಆರು ತಿಂಗಳು ಆರು ದಿನಕ್ಕೆ ಇಳಿಸಿದರು. 2023ರ ಜುಲೈನಲ್ಲಿ ನಾರ್ವೆಯ ಕ್ರಿಸ್ಟಿನ್ ಹರಿಲಾ ಮತ್ತು ತೆಂಜೆನ್ ಶೆರ್ಪಾ 92 ದಿನಗಳಲ್ಲಿ ಪೂರೈಸಿದರು. ಹದಿನಾರು ವರ್ಷದ ಕೆಲಸ ಮೂರು ತಿಂಗಳಿಗೆ ಬಂದು ನಿಂತಿತು. ಕೃತಕ ಆಮ್ಲಜನಕ, ಮೊದಲೇ ಕಟ್ಟಿಟ್ಟ ಹಗ್ಗಗಳು, ಒಂದು ತಳಶಿಬಿರದಿಂದ ಇನ್ನೊಂದಕ್ಕೆ ಹೆಲಿಕಾಪ್ಟರ್, ಎಲ್ಲಕ್ಕಿಂತ ಹೆಚ್ಚಾಗಿ ಹೊರೆ ಹೊರುವವರ ಬೆನ್ನು ಇದನ್ನು ಸಾಧ್ಯವಾಗಿಸಿದವು.

ಆ ದಾಖಲೆಯ ಕೊನೆಯ ಶಿಖರವಾದ ಕೆ-2ರಲ್ಲಿ, ಅದೇ ದಿನ, ಮುಹಮ್ಮದ್ ಹಸನ್ ಎಂಬ ಪಾಕಿಸ್ತಾನಿ ಹೊರೆಯಾಳು ಇಕ್ಕಟ್ಟಾದ ದಾರಿಯಲ್ಲಿ ಬಿದ್ದು ಪ್ರಾಣಬಿಟ್ಟ. ಅವನನ್ನು ದಾಟಿಕೊಂಡು ಸಾಲುಸಾಲಾಗಿ ಜನ ಮೇಲಕ್ಕೆ ಹೋದ ದೃಶ್ಯವನ್ನು ಜಗತ್ತೇ ನೋಡಿತು. ಅವನನ್ನು ಉಳಿಸಲು ಸಾಧ್ಯವಿತ್ತೇ ಎಂಬ ವಾದ ಇನ್ನೂ ಮುಗಿದಿಲ್ಲ. ಎರಡೇ ತಿಂಗಳ ಬಳಿಕ, ಅಕ್ಟೋಬರ್ 7ರಂದು, ಟಿಬೆಟ್ಟಿನ ಶಿಶಾಪಂಗ್ಮಾದಲ್ಲಿ ನಡೆದದ್ದು ಇನ್ನೂ ಘೋರ. ಹದಿನಾಲ್ಕೂ ಶಿಖರ ಮುಗಿಸಿದ ಮೊದಲ ಅಮೆರಿಕನ್ ಮಹಿಳೆ ಎನಿಸಿಕೊಳ್ಳಲು ಇಬ್ಬರು ಬೇರೆ ಬೇರೆ ತಂಡಗಳಲ್ಲಿ ಪೈಪೋಟಿಗೆ ಬಿದ್ದಿದ್ದರು. ಇಬ್ಬರೂ, ಅವರ ಇಬ್ಬರು ಮಾರ್ಗದರ್ಶಕರೂ ಅಂದಿನ ಹಿಮಕುಸಿತಗಳಲ್ಲಿ ಸತ್ತರು. ಆ ಮಾರ್ಗದರ್ಶಕರಲ್ಲೊಬ್ಬರು, 92 ದಿನಗಳ ದಾಖಲೆಯಲ್ಲಿ ಹರಿಲಾ ಜೊತೆಗಿದ್ದ ಅದೇ ತೆಂಜೆನ್. ಬೆಟ್ಟ ಮರುವರ್ಷವೂ ಅಲ್ಲೇ ಇರುತ್ತಿತ್ತು. ‘ಮೊದಲಿಗರು’ ಎಂಬ ಪಟ್ಟ ಮಾತ್ರ ಮರುದಿನಕ್ಕೆ ಕಾಯುವಂತಿರಲಿಲ್ಲ.

ವಿಪರ್ಯಾಸವೆಂದರೆ ಆ ಲೆಕ್ಕವೂ ಗಟ್ಟಿಯಲ್ಲ. ಎಬರ್ಹಾರ್ಡ್ ಯುರ್ಗಾಲ್ಸ್ಕಿ ಎಂಬ ಜರ್ಮನ್ ಸಂಶೋಧಕರು ಹಳೆಯ ಫೋಟೋಗಳನ್ನು ಅಳೆದು ನೋಡಿ, ಅನೇಕ ಖ್ಯಾತನಾಮರು ನಿಜವಾದ ನೆತ್ತಿಗಿಂತ ಕೆಲವು ಮೀಟರ್ ಕೆಳಗೇ ನಿಂತು ಮರಳಿದ್ದಾರೆಂದು ತೋರಿಸಿದರು. ಅದನ್ನು ಒಪ್ಪಿ ಗಿನ್ನೆಸ್ ಸಂಸ್ಥೆ 2023ರಲ್ಲಿ ಮೆಸ್ನರ್ ಅವರ ದಾಖಲೆಯನ್ನೇ ತೆಗೆದುಹಾಕಿತು. ಅನ್ನಪೂರ್ಣಾದ ತುದಿಯಲ್ಲಿ ಐದು ಮೀಟರ್ ತಪ್ಪಿತ್ತಂತೆ! ಮೆಸ್ನರ್ ಅದಕ್ಕೆ ಸೊಪ್ಪು ಹಾಕಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ ಎಂದು ನನ್ನ ಅಭಿಪ್ರಾಯ.

ಇವೆಲ್ಲ ದೊಡ್ಡವರ ಕಥೆಗಳು, ನಮಗೇಕೆ ಎನ್ನಬಹುದು. ನನಗೂ ಹಾಗೇ ಅನಿಸಿತ್ತು, ಒಂದು ಈದ್ ರಜೆಯವರೆಗೆ.

ದಾವಣಗೆರೆ ಕಡೆಯ, ನಲವತ್ತೆರಡರ ಎಂಜಿನಿಯರ್ ಒಬ್ಬರು ನನ್ನಲ್ಲಿಗೆ ಪ್ರಮಾಣಪತ್ರಕ್ಕಾಗಿ ಬಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹಜರ್ ಪಟ್ಟಿಯನ್ನು ಆ ಚಳಿಗಾಲದಲ್ಲಿ ಮುಗಿಸಿದ್ದ ಅವರ ತಂಡ, ಮುಂದೆ ಎವರೆಸ್ಟ್ ತಪ್ಪಲಿನ ಖುಂಬು ಪ್ರಾಂತದಲ್ಲಿ ಚಾರಣಿಗರು ಏರುವ ಮೂರು ಎತ್ತರಗಳನ್ನು, ಎಂದರೆ ಚುಕುಂಗ್ ರಿ, ಕಾಲಾ ಪತ್ಥರ್, ಗೋಕ್ಯೋ ರಿಗಳನ್ನು, ಒಂದೇ ಯಾತ್ರೆಯಲ್ಲಿ ಮುಗಿಸಲು ಹೊರಟಿತ್ತು. ಮೂರೂ 5,300 ಮೀಟರಿಗಿಂತ ಎತ್ತರದವು. ರಕ್ತದೊತ್ತಡ, ಇಸಿಜಿ, ಟ್ರೆಡ್‌ಮಿಲ್ ಎಲ್ಲವೂ ಸರಿಯಾಗಿದ್ದವು. ನಾನು ಸಹಿ ಹಾಕಿದೆ. ಎಷ್ಟು ದಿನಗಳಲ್ಲಿ ಎಂದು ಕೇಳಲಿಲ್ಲ.

ಈದ್‌ನ ನಾಲ್ಕು ದಿನ, ವಾರ್ಷಿಕ ರಜೆಯ ಐದು ದಿನ, ವಾರಾಂತ್ಯದ ಎರಡು ದಿನ ಸೇರಿಸಿ ಅವರ ಬಳಿ ಇದ್ದದ್ದು ಹನ್ನೊಂದು ದಿನ. ಆ ಮೂರು ಎತ್ತರಗಳಿಗೆ ನಿಧಾನವಾಗಿ ಹೋಗುವವರು ಮೂರು ವಾರದ ಹತ್ತಿರ ಇಟ್ಟುಕೊಳ್ಳುತ್ತಾರೆ. 3,440 ಮೀಟರಿನ ನಾಮ್ಚೆಯಲ್ಲಿ ಒಂದು ದಿನ ಹೆಚ್ಚುವರಿ ತಂಗಬೇಕೆಂಬ ವಾಡಿಕೆಯನ್ನು ಬಿಟ್ಟು ಇವರ ತಂಡ ಮುಂದೆ ಸಾಗಿತು. ಎರಡನೆಯ ರಾತ್ರಿ 4,730 ಮೀಟರಿನ ಚುಕುಂಗ್‌ನಲ್ಲಿ ಮಲಗಿತು. ನಡುರಾತ್ರಿ ಅವರಿಗೆ ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ಕುಳಿತಲ್ಲೇ ಏದುಸಿರು. ಇದು ಎತ್ತರದ ಕಾರಣದಿಂದ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ. ಇಬ್ಬರು ಹೊರೆಯಾಳುಗಳು ಕತ್ತಲಲ್ಲೇ ಸರದಿಯ ಮೇಲೆ ಅವರನ್ನು ಬೆನ್ನಿಗೆ ಕಟ್ಟಿಕೊಂಡು ಕೆಳಗಿಳಿಸಿದರು. ಫೆರಿಚೆಯಲ್ಲಿರುವ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾಲಯದಲ್ಲಿ ಆಮ್ಲಜನಕ ಸಿಕ್ಕಿತು, ಬೆಳಗಾದ ಮೇಲೆ ಹೆಲಿಕಾಪ್ಟರ್ ಸಿಕ್ಕಿತು. ಬದುಕಿದರು.

ಮೂರನೆಯ ದಿನ ಅವರ ತಾಯಿ ದಾವಣಗೆರೆಯಿಂದ ನನಗೆ ಫೋನ್ ಮಾಡಿದರು. “ಡಾಕ್ಟ್ರೇ, ನೀವೇ ನೋಡಿ ಕಳ್ಸಿದ್ರಂತಲ್ರೀ?” ಎಂದರು. ಬೈಗುಳವಿರಲಿಲ್ಲ, ಕೇವಲ ಪ್ರಶ್ನೆ. ಹೌದಮ್ಮ ಎಂದೆ. ನಾನು ಹೃದಯ ಪರೀಕ್ಷಿಸಿದ್ದೆ, ಕ್ಯಾಲೆಂಡರ್ ಪರೀಕ್ಷಿಸಿರಲಿಲ್ಲ.

ಇಲ್ಲಿ ಶಕ್ತಿವಂತರು, ಅಶಕ್ತರು ಎಂಬ ಭೇದವಿಲ್ಲವೆಂಬುದನ್ನು ಊರಿನಲ್ಲಿರುವವರು ತಿಳಿದಿರಬೇಕು. ಎತ್ತರದಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21ರಷ್ಟೇ, ಆದರೆ ವಾಯುವಿನ ಒತ್ತಡ ಇಳಿಯುವುದರಿಂದ ಎವರೆಸ್ಟ್ ತಳಶಿಬಿರದ ಎತ್ತರದಲ್ಲಿ ಒಂದೊಂದು ಉಸಿರಿಗೂ ದಕ್ಕುವುದು ಸಮುದ್ರಮಟ್ಟದ ಅರ್ಧದಷ್ಟು. ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎಂಬುದು ಪರ್ವತ ವೈದ್ಯಶಾಸ್ತ್ರದ ಒಪ್ಪಿತ ಸೂತ್ರ. ಗಟ್ಟಿಮುಟ್ಟಾದ ಯುವಕ ಬೇಗ ನಡೆಯುತ್ತಾನೆ, ಆದ್ದರಿಂದಲೇ ಬೇಗ ಅಪಾಯಕ್ಕೆ ಸಿಲುಕುತ್ತಾನೆ. ಮ್ಯಾರಥಾನ್ ಪದಕ, ನಲವತ್ತು ಮಹಡಿಯ ಮೆಟ್ಟಿಲು ಇಲ್ಲಿ ರಕ್ಷೆಯಲ್ಲ. ಅಸಿಟಜೋಲಮೈಡ್ ಮಾತ್ರೆ ಸ್ವಲ್ಪ ನೆರವಾಗುತ್ತದೆ, ದಿನಗಳ ಕೊರತೆಯನ್ನು ತುಂಬುವುದಿಲ್ಲ. ಮರಳುವಾಗ ಹೆಲಿಕಾಪ್ಟರ್ ಇದೆಯಲ್ಲ ಎನ್ನುತ್ತಾರೆ. ಅದರಿಂದ ಉಳಿಯುವುದು ಇಳಿಯುವ ದಿನಗಳು. ಕಾಯಿಲೆ ಬರುವುದು ಏರುವ ದಿನಗಳಲ್ಲಿ.

ಆತುರಕ್ಕೆ ಈಗ ವಿಜ್ಞಾನದ ವೇಷವೂ ಬಂದಿದೆ. 2025ರ ಮೇ ತಿಂಗಳಲ್ಲಿ ನಾಲ್ವರು ಬ್ರಿಟಿಷರು ಲಂಡನ್ನಿನಿಂದ ಹೊರಟು ಒಂದು ವಾರದೊಳಗೆ ಎವರೆಸ್ಟ್ ಏರಿ ಮನೆಗೆ ಮರಳಿದರು. ಮೊದಲೇ ಜೆನಾನ್ ಅನಿಲವನ್ನು ಸೇವಿಸಿದ್ದರೆಂಬುದು ಸುದ್ದಿಯಾಯಿತು. ಅವರು ವಾರಗಟ್ಟಲೆ ಮನೆಯಲ್ಲೇ ಆಮ್ಲಜನಕ ಕಡಿಮೆ ಮಾಡಿದ ಗುಡಾರಗಳಲ್ಲಿ ಮಲಗಿದ್ದರೆಂಬುದು ಅಷ್ಟು ಸುದ್ದಿಯಾಗಲಿಲ್ಲ. ಜೆನಾನ್ ಪರ್ವತಾರೋಹಣಕ್ಕೆ ನೆರವಾಗುತ್ತದೆನ್ನಲು ಆಧಾರವಿಲ್ಲವೆಂದು ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ ವೈದ್ಯಕೀಯ ಆಯೋಗ ಅದೇ ವರ್ಷದ ಆರಂಭದಲ್ಲೇ ಹೇಳಿತ್ತು. ಆದರೂ ಆ ತಿಂಗಳು ಮೂವರು ನನ್ನನ್ನು ಕೇಳಿದರು: ಡಾಕ್ಟ್ರೇ, ಆ ಗ್ಯಾಸ್ ದುಬೈನಲ್ಲಿ ಸಿಗುತ್ತದೆಯೇ?

ಕೊಲ್ಲಿಯಲ್ಲಿ ಈ ಆತುರ ಏಕಿಷ್ಟು? ರಜೆ ಇಲ್ಲವೆಂದಲ್ಲ. ಒಂದು ವರ್ಷ ಪೂರೈಸಿದ ನೌಕರನಿಗೆ ಎಮಿರೇಟ್ಸ್‌ನ ಕಾನೂನು 30 ದಿನಗಳ ವಾರ್ಷಿಕ ರಜೆ ಕೊಡುತ್ತದೆ. ಆದರೆ ಅದರ ಬಹುಪಾಲು ಊರಿಗೆ ಮೀಸಲು: ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆ, ತಂಗಿಯ ಮದುವೆ, ಮನೆದೇವರ ಹರಕೆ. ಉಳಿದ ಐದಾರು ದಿನಗಳಿಗೆ ತನ್ನದೆನ್ನುವ ಒಂದು ಸಾಧನೆಯನ್ನು ತುರುಕಬೇಕು. ಇಲ್ಲಿಗೆ ಬರಲು ಹವಣಿಸುತ್ತಿರುವವರು ಸಂಬಳದ ಜೊತೆಗೆ ಈ ಲೆಕ್ಕವನ್ನೂ ಹಾಕಿ ನೋಡುವುದು ಒಳ್ಳೆಯದು. ವಿಮೆಯ ಮಾತೂ ಇದೆ. ನೌಕರಿಯೊಂದಿಗೆ ಬರುವ ಆರೋಗ್ಯ ವಿಮೆ ಚಾರಣದ ಅಪಘಾತವನ್ನೋ ಹೆಲಿಕಾಪ್ಟರನ್ನೋ ಭರಿಸುತ್ತದೆಂಬ ಖಾತ್ರಿಯಿಲ್ಲ. ಪ್ರಯಾಣ ವಿಮೆಗಳಲ್ಲೂ ಎತ್ತರದ ಮಿತಿ ಸಣ್ಣಕ್ಷರದಲ್ಲಿರುತ್ತದೆ. ನಮ್ಮ ಎಂಜಿನಿಯರ್ ಹೆಲಿಕಾಪ್ಟರಿನ ಹಣವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರು.

ಇದೇ ಪಟ್ಟಿ ಜುಲೈ ಆಗಸ್ಟ್ ಶಾಲಾರಜೆಯಲ್ಲಿ ಊರಿಗೂ ಬರುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕುದುರೆಮುಖ, ತಡಿಯಂಡಮೋಳ್, ಕುಮಾರಪರ್ವತ ಎಲ್ಲ ಒಂದೇ ವಾರದಲ್ಲಿ, ಅದೂ ಮಲೆನಾಡಿನ ಜಡಿಮಳೆಯಲ್ಲಿ! ಈ ಎತ್ತರಗಳಲ್ಲಿ ಉಸಿರಿನ ಸಮಸ್ಯೆಯಿಲ್ಲ. ಜಾರುವ ಬಂಡೆ, ತುಂಬಿದ ಹಳ್ಳ, ವರ್ಷವಿಡೀ ಕುಳಿತು ದುಡಿದ ಐವತ್ತರ ಹೃದಯ, ಇವು ಸಮಸ್ಯೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ತಡೆಹಿಡಿಯಿತು. ಅದೇ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಜಾಲತಾಣ ತೆರೆದು ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿ ಹಾಕಿತು. ದುಬೈನಿಂದ ಟಿಕೆಟ್ ಮಾಡಿಸಿಕೊಂಡು ಬಂದವರು ಈ ಮಿತಿಯನ್ನು ಶಪಿಸುವುದನ್ನು ಕೇಳಿದ್ದೇನೆ. ನನಗಂತೂ ಅದು ಕಾಡಿಗೂ ಮನುಷ್ಯರಿಗೂ ಹಿತವಾದ ಕ್ರಮವೆನಿಸಿದೆ.

ಎಂಜಿನಿಯರ್ ಈಗ ಚೆನ್ನಾಗಿದ್ದಾರೆ. ಡಿಸೆಂಬರಿನಲ್ಲಿ ಮತ್ತೆ ಜೆಬೆಲ್ ಶಮ್ಸ್‌ಗೆ ಹೋಗಿಬಂದರು, ಮೇಲಿನ ಪ್ರಸ್ಥಭೂಮಿಯಲ್ಲಿ ಎರಡು ರಾತ್ರಿ ತಂಗಿ. ತಮ್ಮನ್ನು ಹೊತ್ತಿಳಿಸಿದ ಇಬ್ಬರಲ್ಲಿ ಒಬ್ಬರ ದೂರವಾಣಿ ಸಂಖ್ಯೆಯನ್ನು ನಮ್ಮ ಕಾವಲುಗಾರನ ಮೂಲಕ ಹುಡುಕಿಸಿ ಮಾತನಾಡಿದರಂತೆ. ಪ್ರಮಾಣಪತ್ರಕ್ಕೆ ಬಂದವರಿಗೆ ನಾನೀಗ ಇಸಿಜಿಗಿಂತ ಮೊದಲು ದಿನವಹಿ ಪಟ್ಟಿ ಕೇಳುತ್ತೇನೆ: ಯಾವ ರಾತ್ರಿ ಯಾವ ಎತ್ತರದಲ್ಲಿ ಮಲಗುತ್ತೀರಿ, ಒಬ್ಬರಿಗೆ ತಲೆನೋವು ಬಂದರೆ ಅವರ ಜೊತೆ ಯಾರು ಇಳಿಯುತ್ತಾರೆ, ಸಾಮಾನು ಹೊರುವವರಿಗೆ ವಿಮೆ ಮಾಡಿಸಿದ್ದೀರಾ. ಕಳೆದ ತಿಂಗಳು ಐವರ ತಂಡವೊಂದು ಬಂದಿತ್ತು, ಒಂಬತ್ತು ದಿನಗಳ ಯೋಜನೆಯೊಂದಿಗೆ. ನಾನು ಸಹಿ ಹಾಕಲಿಲ್ಲ. ಮೂವರು ಇನ್ನೂ ಆರು ದಿನ ರಜೆ ಹೊಂದಿಸಿಕೊಂಡು ಮರಳಿ ಬಂದರು. ಇಬ್ಬರು ಬೇರೆ ವೈದ್ಯರ ಬಳಿಗೆ ಹೋದರು.