ಮೊದಲ ಗೆರೆ ಮನೆಯವರದ್ದಾಗಲಿ

ಹಳೆಯ ಮನೆಯನ್ನು ರಿಪೇರಿ ಮಾಡಿಸಲು ಹೊರಟವರು ನಮ್ಮಲ್ಲಿ ಮೊದಲು ಹುಡುಕುವುದು ಮೇಸ್ತ್ರಿಯನ್ನು. ಸ್ವಲ್ಪ ಅನುಕೂಲವಿದ್ದರೆ ಎಂಜಿನಿಯರನ್ನು, ಇನ್ನೂ ಸ್ವಲ್ಪವಿದ್ದರೆ ಆರ್ಕಿಟೆಕ್ಟನ್ನು. ಬಂದವರು ಗೋಡೆ ತಟ್ಟಿ, ಸೂರು ನೋಡಿ, 'ಚದರಕ್ಕೆ ಇಷ್ಟಾಗುತ್ತೆ' ಎಂದು ಒಂದು ಮೊತ್ತ ಹೇಳುತ್ತಾರೆ. 'ನೀವೇ ನೋಡಿ ಮಾಡಿ, ನಮಗೇನು ಗೊತ್ತಾಗುತ್ತೆ' ಎಂದು ಮನೆಯವರು ಮುಂಗಡ ಕೊಡುತ್ತಾರೆ. ಈ 'ನಮಗೇನು ಗೊತ್ತಾಗುತ್ತೆ' ಎಂಬ ಮಾತಿನ ಮೇಲೆ ನನ್ನ ತಕರಾರಿದೆ. ಇದನ್ನು ನಾವು ವಿನಯ ಎಂದುಕೊಂಡಿದ್ದೇವೆ. ನನ್ನ ಪ್ರಕಾರ ಇದು ಸೋಮಾರಿತನ. ಬಹಳಷ್ಟು ಮನೆಗಳಲ್ಲಿ ಒಬ್ಬ ಗಂಡಸು ಉಳಿದೆಲ್ಲರ ಪರವಾಗಿ ತೋರಿಸುವ ಸೋಮಾರಿತನ.

ಯಾರನ್ನೇ ಕರೆಯುವ ಮೊದಲು ಮನೆಯವರೆಲ್ಲ ಕೂತು ಒಂದು ಪರಿಕಲ್ಪನಾ ನಕ್ಷೆ ಮಾಡಿಕೊಳ್ಳಬೇಕು. ಹೆಸರು ದೊಡ್ಡದು, ಕೆಲಸ ಸಣ್ಣದು. ಒಂದು ಟೇಪು, ಒಂದು ಗ್ರಾಫ್ ಹಾಳೆ, ಪೆನ್ಸಿಲ್. ಕಾಲು ಇಂಚಿಗೆ ಒಂದು ಅಡಿಯ ಲೆಕ್ಕದಲ್ಲಿ ಈಗಿರುವ ಮನೆಯನ್ನು ಇದ್ದಂತೆ ಬರೆದುಕೊಳ್ಳುವುದು: ಗೋಡೆಯ ದಪ್ಪ, ಬಾಗಿಲಿನ ಅಗಲ, ನೀರಿನ ಪೈಪು, ಬಚ್ಚಲ ಮೋರಿ, ಮಳೆಗಾಲದಲ್ಲಿ ಸೋರುವ ಮೂಲೆ. ಅದರ ಮೇಲೆ ಇನ್ನೊಂದು ತೆಳು ಹಾಳೆ ಇಟ್ಟು, ಯಾವುದು ಉಳಿಯಬೇಕು, ಯಾವುದು ಬದಲಾಗಬೇಕು, ಯಾರು ಎಲ್ಲಿ ಎಷ್ಟು ಹೊತ್ತು ಇರುತ್ತಾರೆ ಎಂದು ಗುರುತಿಸುವುದು. ಇದು ಕಟ್ಟುವ ನಕ್ಷೆಯಲ್ಲ. ಕಬ್ಬಿಣ ಎಷ್ಟು, ತೊಲೆ ಎಷ್ಟು ಎಂಬುದನ್ನು ಎಂಜಿನಿಯರೇ ಹೇಳಬೇಕು. ಆದರೆ ಆತ ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಎನ್ನುವುದು ಈ ಹಾಳೆಯಲ್ಲಿರುತ್ತದೆ. ಪಿಎಚ್.ಡಿ. ಮಾಡುವವರಿಗೆ ಇದು ಬೇಗ ಅರ್ಥವಾದೀತು. ಗೈಡ್ ಎಷ್ಟೇ ದೊಡ್ಡ ವಿದ್ವಾಂಸರಾಗಿರಲಿ, ನಿಮ್ಮ ಸಿನಾಪ್ಸಿಸ್ ನೀವೇ ಬರೆಯಬೇಕು. (ಬರೆದುಕೊಡುವ ಗೈಡುಗಳೂ ಇದ್ದಾರೆ. ಆ ಪ್ರಬಂಧಗಳ ಗತಿಯೂ ನಮಗೆ ಗೊತ್ತಿದೆ.)

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯ ಕತೆ ಹೇಳುತ್ತೇನೆ. ಅದು ಮದ್ರಾಸ್ ತಾರಸಿಯ ಮನೆ. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿದ ಸೂರು. ಇಂಥ ಮನೆಯಲ್ಲಿ ತೊಲೆಯ ಭಾರವೆಲ್ಲ ಗೋಡೆಯ ಮೇಲೆ. ಚಿಕ್ಕಪ್ಪ ಫೋನಿನಲ್ಲಿ ಒಂದು ಓಪನ್ ಕಿಚನ್ನಿನ ಫೋಟೊ ತೋರಿಸಿದರು, ಗುತ್ತಿಗೆದಾರ ಒಪ್ಪಿಕೊಂಡ. ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆ ಅರ್ಧ ಒಡೆದ ಮೇಲೆ ಸೂರಿಗೆ ಕಬ್ಬಿಣದ ಬೀಮು ಕೊಡಬೇಕೆಂದು ಗೊತ್ತಾಯಿತು. ಅದು 'ಎಕ್ಸ್‌ಟ್ರಾ' ಲೆಕ್ಕ. ಒಡೆದ ಗೋಡೆಯ ಮಣ್ಣು ಸಾಗಿಸಿದ್ದು ಎಕ್ಸ್‌ಟ್ರಾ, ಪೈಪು ತಿರುಗಿಸಿದ್ದು ಎಕ್ಸ್‌ಟ್ರಾ. ಹೊಸ ಮನೆಗೆ ಚದರದ ಲೆಕ್ಕ ಹೇಗೋ ನಡೆಯುತ್ತದೆ. ರಿಪೇರಿಯಲ್ಲಿ ಅದು ಅರ್ಥವಿಲ್ಲದ ಲೆಕ್ಕ, ಏಕೆಂದರೆ ಒಂದು ಚದರದಲ್ಲಿ ಬರೀ ಬಣ್ಣವಿರಬಹುದು, ಪಕ್ಕದ ಚದರದಲ್ಲಿ ಸೂರನ್ನೇ ಹೊತ್ತು ನಿಲ್ಲಿಸಬೇಕಾಗಬಹುದು.

ದುಡ್ಡು ಹೋದದ್ದು ಹೋಗಲಿ. ಒಗ್ಗರಣೆಯ ಘಾಟು ಈಗ ಪಡಸಾಲೆಯಲ್ಲಿ ಕೂತವರ ಮೂಗಿಗೆ ಬಡಿಯುತ್ತದೆ. ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತ, ಪಕ್ಕದ ಮನೆಯವರೊಂದಿಗೆ ಹಿತ್ತಿಲ ಬಾಗಿಲಲ್ಲೇ ಮಾತಾಡುತ್ತಿದ್ದ ಚಿಕ್ಕಮ್ಮನಿಗೆ ಕೂರುವ ಜಾಗವೇ ಇಲ್ಲ. ಹೊಸ ಬಚ್ಚಲಿಗೆ ಇಟ್ಟದ್ದು 2 ಅಡಿಯ ಬಾಗಿಲು. ಅಜ್ಜಿಯ ವಾಕರ್ ಒಳಗೆ ಹೋಗುವುದಿಲ್ಲ. ಹೊಳೆಯುವ ಟೈಲ್ಸ್ ಹಾಕಿದ ಬಚ್ಚಲ ಹೊರಗೆ ವಾಕರ್ ಬಿಟ್ಟು, ಗೋಡೆ ಹಿಡಿದುಕೊಂಡು ಅವರು ಒದ್ದೆ ನೆಲ ದಾಟಬೇಕು. ಗುತ್ತಿಗೆದಾರ ಕೆಟ್ಟವನೇನಲ್ಲ. ಅವನಿಗೆ ಅಜ್ಜಿಯ ವಿಷಯ ಯಾರೂ ಹೇಳಲಿಲ್ಲ, ಅಜ್ಜಿಯನ್ನು ಯಾರೂ ಕೇಳಲಿಲ್ಲ. ಗ್ರಾಫ್ ಹಾಳೆಯಲ್ಲಿ ಅಜ್ಜಿಯ ಮಂಚದಿಂದ ಬಚ್ಚಲಿಗೆ ಒಂದು ಗೆರೆ ಎಳೆದಿದ್ದರೆ ಬಾಗಿಲು 3 ಅಡಿ ಆಗುತ್ತಿತ್ತು. ಫೋಟೊದಲ್ಲಿ ಆ ಗೆರೆ ಇರುವುದಿಲ್ಲ. ಫೋಟೊದಲ್ಲಿ ಮನುಷ್ಯರೇ ಇರುವುದಿಲ್ಲ.

ಇನ್ನೊಂದು ಕಾರಣ ಕಾನೂನಿನದ್ದು. 1972ರ ಆರ್ಕಿಟೆಕ್ಟ್ಸ್ ಕಾಯ್ದೆ 'ಆರ್ಕಿಟೆಕ್ಟ್' ಎಂಬ ಬಿರುದನ್ನು ಕಾಪಾಡುತ್ತದೆ, ವಿನ್ಯಾಸದ ಕೆಲಸವನ್ನಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೆಯೇ ಹೇಳಿತು. ಆರ್ಕಿಟೆಕ್ಟ್ ಎಂದು ಹಾಕಿಕೊಳ್ಳದೆ 'ಡಿಸೈನರ್', 'ಕನ್ಸಲ್ಟೆಂಟ್' ಎಂದು ಬೋರ್ಡು ಹಾಕಿಕೊಳ್ಳುವವರನ್ನು ಈ ಕಾಯ್ದೆ ತಡೆಯುವುದಿಲ್ಲ. ಅಂಥವರಲ್ಲಿ ಕಸುಬು ಬಲ್ಲವರು ಎಷ್ಟೋ ಜನ ಇದ್ದಾರೆ. ಬಲ್ಲವರು ಯಾರೆಂದು ತಿಳಿಯಬೇಕಾದರೆ ನಿಮ್ಮ ಹಾಳೆಯನ್ನು ಮುಂದಿಡಿ. ಒಂದೇ ನಕ್ಷೆಯನ್ನು ಮೂವರಿಗೆ ಕೊಟ್ಟು, ಒಡೆಯುವುದು, ಗಾರೆ, ಪೈಪು, ವಿದ್ಯುತ್ತು, ಮರಗೆಲಸ ಹೀಗೆ ಬಾಬ್ತುವಾರು ದರ ಕೇಳಿ. ಆಗ ಮೂರೂ ದರಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ನಕ್ಷೆಯಿಲ್ಲದೆ ಕೇಳಿದರೆ ಮೂವರೂ ತಮ್ಮ ತಮ್ಮ ಮನಸ್ಸಿನಲ್ಲಿರುವ ಮೂರು ಬೇರೆ ಮನೆಗಳಿಗೆ ದರ ಹೇಳಿರುತ್ತಾರೆ. ನಾವು ಅದರಲ್ಲಿ ಕಡಿಮೆಯದನ್ನು ಆರಿಸಿಕೊಂಡು ಜಾಣರಾದೆವೆಂದು ಬೀಗುತ್ತೇವೆ.

ವಾಸ್ತುವಿನ ಬಗ್ಗೆ ನನಗೆ ನಂಬಿಕೆಯಿಲ್ಲ. ಇರುವವರೊಂದಿಗೆ ಜಗಳಕ್ಕೂ ಹೋಗುವುದಿಲ್ಲ. ಆದರೆ ಒಲೆ ಆಗ್ನೇಯಕ್ಕೇ ಬರಬೇಕೆಂದಿದ್ದರೆ ಅದನ್ನು ಪೆನ್ಸಿಲ್ ಇರುವಾಗಲೇ ಹೇಳಿಬಿಡಿ. ಪೈಪು ಹೂತ ಮೇಲೆ ವಾಸ್ತುವಿನವರನ್ನು ಕರೆತರುವ ಹಿರಿಯರನ್ನು ಕಂಡರೆ ಗುತ್ತಿಗೆದಾರರಿಗೆ ಯಾಕಷ್ಟು ಖುಷಿಯಾಗುತ್ತದೆ ಎಂದು ಯೋಚಿಸಿ.

ಆರ್ಕಿಟೆಕ್ಟ್ ಗೆಳೆಯರ ಆಕ್ಷೇಪವೂ ನನಗೆ ಗೊತ್ತು. ಮನೆಯವರು ಗೀಚಿ ತಂದರೆ ತಮ್ಮ ಕಲ್ಪನೆಗೆ ಕೈಕೋಳ ಹಾಕಿದಂತೆ ಎನ್ನುತ್ತಾರೆ. ಮನೆಯವರು ಕಿಟಕಿಯ ಕಮಾನು, ಮುಂಭಾಗದ ಅಂದವನ್ನೆಲ್ಲ ಬರೆದು ತಂದರೆ ಆ ಮಾತು ನಿಜ. ಹಾಳೆಯಲ್ಲಿ ಇರಬೇಕಾದದ್ದು ಬದುಕಿನ ಲೆಕ್ಕ: ಬೆಳಗ್ಗೆ ಆರಕ್ಕೆ ಮೂವರಿಗೆ ಒಂದೇ ಬಚ್ಚಲು, ಓದುವ ಹುಡುಗಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಮೂಲೆ, ಅಜ್ಜಿಗೆ ಕಾಲಿಡಲು ಮೆಟ್ಟಿಲಿಲ್ಲದ ನೆಲ. ಕೇರಳದಲ್ಲಿ ಕೆಲಸ ಮಾಡಿದ ಲಾರಿ ಬೇಕರ್, ಮನೆ ಕಟ್ಟುವ ವಿದ್ಯೆಯನ್ನು ಸಾಮಾನ್ಯರಿಗೆ ತಿಳಿಸಲು ತಮ್ಮದೇ ಕೈಬರಹ, ಕೈಗೆರೆಗಳಲ್ಲಿ ಸಣ್ಣ ಪುಸ್ತಿಕೆಗಳನ್ನು ಮಾಡಿದರು. ಜನ ಗೆರೆ ಎಳೆದರೆ ತಮ್ಮ ಕಸುಬು ಹಾಳಾಗುತ್ತದೆಂದು ಅವರು ಹೆದರಲಿಲ್ಲ.

ಹಾಗಾಗಿ ಈ ರಜೆಯಲ್ಲಿ ಊರಿಗೆ ಹೋದಾಗ ಮನೆ ರಿಪೇರಿಯ ಮಾತು ಬಂದರೆ, ಟೇಪಿನ ಒಂದು ತುದಿಯನ್ನು ಅಮ್ಮನ ಕೈಗೆ ಕೊಡಿ. ಅಳತೆ ಮುಗಿದ ಮೇಲೆ ಎಂಜಿನಿಯರನ್ನು ಕರೆಯಿರಿ. ಆತ ಹಾಳೆಯನ್ನು ಬಿಡಿಸಿ ನೋಡಿ, 'ಈ ಗೋಡೆ ತೆಗೆಯೋಕಾಗಲ್ಲ, ಯಾಕೆ ಅಂದರೆ...' ಎಂದು ಶುರುಮಾಡಿದರೆ ಗಟ್ಟಿಯಾಗಿ ಹಿಡಿದುಕೊಳ್ಳಿ. ಬಿಡಿಸದೆಯೇ ಪಕ್ಕಕ್ಕಿಟ್ಟು ಚದರದ ರೇಟು ಹೇಳಿದರೆ, ಕಾಫಿ ಕೊಟ್ಟು ಕಳಿಸಿಬಿಡಿ.